ಬಲಕ್ಕೆ ಕೂತವನು

"ಎಡಗಡೆದು ಯಾಕ ಹಿಂಗ ಮಂದ ಕೇಳಸಾಕತ್ತೈತಿ?"

ಗುರುದೇವಿ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ದಪ್ಪ ಪರದೆ ಹೊದ್ದ ಗೋಡೆಗಳು, ನಡುವೆ ಒಂದು ಬೆತ್ತದ ಕುರ್ಚಿ, ಎದುರಿಗೆ ಎದೆಯೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ. ಅವುಗಳೊಳಗಿಂದ, ತೀರಿಹೋದ ಅಪ್ಪ ಬಂಡೆಪ್ಪನ ದನಿ ಪುರಾಣದ ಪದ್ಯವೊಂದನ್ನು ಎಳೆ ಎಳೆಯಾಗಿ ಬಿಡಿಸುತ್ತಿತ್ತು.

"ಮಂದ ಅಲ್ಲರಿ. ನನಗೇನೋ ಅದು ಹರಿತ ಅನಸಾಕತ್ತೈತಿ."

ಬೆನ್ನ ಹಿಂದಿನಿಂದ ಬಂದ ಗಂಡುದನಿಗೆ ಅವಳು ಬೆಚ್ಚಿ ಎದ್ದು ನಿಂತಳು.

ಬಾಗಿಲ ಪರದೆಯನ್ನು ಒಂದು ಕೈಯಲ್ಲಿ ಹಿಡಿದು, ಬೂಟು ಹೊರಗೆ ಬಿಟ್ಟು ಬರಿಗಾಲಲ್ಲಿ ನಿಂತಿದ್ದ ಒಬ್ಬ ಯುವಕ. ಕೊರಳಲ್ಲಿ ನೀಲಿ ಪಟ್ಟಿ, ಅದಕ್ಕೆ ತೂಗುಬಿದ್ದ ಗುರುತಿನ ಚೀಟಿ. ದೊಡ್ಡ ಕಂಪನಿಯವನು…

ಇವರು ನಾಳೆ ಬರುವವರಿದ್ದರಲ್ಲ? ನಾನು ಅಂದದ್ದನ್ನು ಪೂರ್ತಿ ಕೇಳಿಸಿಕೊಂಡರೇ? ಅದೂ ಕನ್ನಡ ಬರುವವರು ಬರಬೇಕೇ, ದೇವರೇ…

"ಕೇಳೂ ಹೊತ್ತಿನ್ಯಾಗ ಒಳಗ ಯಾರೂ ಬರೂದಿಲ್ಲ. ಹೊರಗ ಹೇಳಲಿಲ್ಲೇನು ನಿಮಗ?" ಎಂದಳು.

"ಹೇಳಿದ್ರು. ತೆಲುಗಿನ್ಯಾಗ ಹೇಳಿದ್ರು ನೋಡ್ರಿ, ತಿಳೀಲಾರದವರಂಗ ಬಂದುಬಿಟ್ಟೆ." ಅವನು ನಗಲಿಲ್ಲ, ಕಣ್ಣು ಮಾತ್ರ ನಕ್ಕವು. "ವೈಭವ ಅಂತ. ಕಲಬುರಗಿಯಾಂವ. ತಪ್ಪಾತು, ಹೋಗ್ತೀನಿ."

ಹೋದ. ಪರದೆ ಮುಚ್ಚಿತು. ಆದರೆ ಅವನು ಬಿಟ್ಟುಹೋದ ಮಾತು ಹೋಗಲಿಲ್ಲ. ಹರಿತವಂತೆ! ಎಡದ ಪೆಟ್ಟಿಗೆ ಹರಿತವಂತೆ…

ಗುರುದೇವಿಯ ಕೈ ಅವಳಿಗೆ ತಿಳಿಯದಂತೆಯೇ ಎಡಗಿವಿಯನ್ನು ಮುಟ್ಟಿತು.

ಸಿಕಂದರಾಬಾದಿಗೆ ಹತ್ತಿರದ ನಾಚಾರಂನ ಕಾರ್ಖಾನೆಗಳ ಸಾಲಿನಲ್ಲಿ, ಔಷಧಿ ಗೋದಾಮು ಮತ್ತು ರಟ್ಟಿನ ಡಬ್ಬಿ ಮಾಡುವ ಶೆಡ್ಡಿನ ನಡುವೆ ಇತ್ತು 'ಆಲಿಕೆ'. ಬೀದರಿನ ಕಡೆಯ ಸೂರ್ಯಕಾಂತ ಸಾಹುಕಾರರು ರಕ್ಷಣಾ ಕಾರ್ಖಾನೆಯ ನೌಕರಿ ಬಿಟ್ಟು ಬಂದು ಕಟ್ಟಿದ ಪುಟ್ಟ ಕಂಪನಿ. ಅಲ್ಲಿ ಸ್ಪೀಕರುಗಳು ಲಾರಿಗಟ್ಟಲೆ ಹುಟ್ಟುತ್ತಿರಲಿಲ್ಲ. ಒಂದು ಜೋಡಿ ಮುಗಿಯಲು ವಾರಗಳೇ ಬೇಕು. ಕೊಳ್ಳುವವರು ಸಮುದ್ರದಾಚೆಯಿಂದಲೂ ಕಾಯುತ್ತಿದ್ದರು.

ಅಲ್ಲಿಯದೇ ಒಂದು ಪದ್ಧತಿ ಇತ್ತು. ಒಂದೇ ಮರದ ಹಲಗೆಯಿಂದ ಕೊಯ್ದ ಎರಡು ಪೆಟ್ಟಿಗೆಗೆ ಅವರು 'ಜೋಡಿ' ಎನ್ನುತ್ತಿದ್ದರು. ಎಡದ್ದಕ್ಕೆ ಕುಂಕುಮ, ಬಲದ್ದಕ್ಕೆ ವಿಭೂತಿ. ಒಮ್ಮೆ ಬೊಟ್ಟು ಬಿತ್ತೆಂದರೆ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ತಾಳಿ ಕಟ್ಟಿದ ಮೇಲೆ ಗಂಡಹೆಂಡಿರ ಜಾಗ ಬದಲಿಸುವವರುಂಟೇ ಎಂದು ಸಾಹುಕಾರರು ಕೇಳುತ್ತಿದ್ದರು. ಯಾರೂ ಎಂದೂ ಬದಲಿಸಿರಲಿಲ್ಲ.

ಕೊನೆಗೆ ಆ ಜೋಡಿ ಗುರುದೇವಿಯ ಮುಂದೆ ಬರಬೇಕು. ಅವಳು ಅಪ್ಪನ ಪುರಾಣವಾಚನ ಹಾಕಿಕೊಂಡು ಕೇಳುವಳು. ಎಲ್ಲಿಯಾದರೂ ಅಕ್ಷರ ಒಂದು ಕಡೆ ವಾಲಿದರೆ, ಮೇಜಿನ ಮೇಲೆ ಜೋಡಿಗಳನ್ನು ತಿದ್ದುವ ತಿಪ್ಪೇಸ್ವಾಮಿಯವರಿಗೆ ಒಂದು ಕೂದಲೆಳೆ ಏರಿಸಿ, ಇಳಿಸಿ ಎಂದು ಹೇಳುವಳು. ಸರಿ ಬಂದಾಗ ಒಂದೇ ಮಾತು, 'ಹೂಂ'. ಆ ಹೂಂ ಬಿದ್ದ ಮೇಲೆಯೇ ಜೋಡಿ ಊರು ಬಿಡುವುದು.

ಈ ಕೆಲಸ ಅವಳಿಗೆ ಸಿಕ್ಕದ್ದೂ ಅಪ್ಪನಿಂದಲೇ. ಸಿಕಂದರಾಬಾದಿನ ಮಠದಲ್ಲಿ ಬಂಡೆಪ್ಪ ಸಂಜೆ ಹೊತ್ತು ಪುರಾಣ ಓದುತ್ತಿದ್ದ. ಕಂಬಕ್ಕೊರಗಿ ಕೂತ ಪುಟ್ಟ ಮಗಳು ಒಂದು ದಿನ, ಮಠದ ಮೈಕು ಅಪ್ಪನ 'ಳ'ಕಾರವನ್ನು ನುಂಗುತ್ತಿದೆ ಎಂದು ದೂರು ಹೇಳಿದಳು. ಎಲ್ಲರೂ ನಕ್ಕರು. ಅಲ್ಲಿ ಪುರಾಣ ಕೇಳಲು ಬಂದಿದ್ದ ಸೂರ್ಯಕಾಂತರು ನಗಲಿಲ್ಲ. ಹುಡುಗಿ ಓದು ಮುಗಿಸುವವರೆಗೆ ಕಾದು, ಆ ಬೆತ್ತದ ಕುರ್ಚಿಯಲ್ಲಿ ಕೂರಿಸಿದರು.

ಈಗ ಸಾಹುಕಾರರಿಗೆ ಮೊಣಕಾಲು ಕೈಕೊಟ್ಟಿತ್ತು. ಟಿವಿ, ಫ್ರಿಜ್, ಫೋನುಗಳನ್ನು ಮಾಡುವ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯೊಂದು 'ಆಲಿಕೆ'ಯನ್ನು ಕೊಳ್ಳಲು ಮುಂದೆ ಬಂದಿತ್ತು. ನಾಚಾರಂನ ಜನ ಕೆಲಸದಲ್ಲಿ ಉಳಿಯಬೇಕು, ಕೇಳುವ ಕೋಣೆ ಉಳಿಯಬೇಕು ಎಂದು ಸಾಹುಕಾರರು ಹಟ ಹಿಡಿದರು. ಕಂಪನಿ ಒಪ್ಪಿತು. ಅವರಿಗೂ ಬೇಕಾದದ್ದು ಅದೇ, ಆ ಕೋಣೆ ಮತ್ತು ಅದರಲ್ಲಿ ಕೂರುವ ಕಿವಿ. ಸಹಿಗೆ ಮುಂಚೆ ಎಲ್ಲವನ್ನೂ ನೋಡಿ ಬರಲು ಅವರು ಕಳಿಸಿದ್ದು ವೈಭವನನ್ನು.

ಚಳಿಗಾಲದಲ್ಲಿ ಬಂದುಹೋದ ಜ್ವರದ ನಂತರ ಗುರುದೇವಿಯ ಎಡಗಿವಿಯಲ್ಲಿ ಸಣ್ಣ ಶಿಳ್ಳೆಯೊಂದು ಕೂತುಬಿಟ್ಟಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ನೆಗಡಿ ಇರಬೇಕು, ಹೋಗುತ್ತದೆ ಎಂದುಕೊಂಡಿದ್ದಳು. ಹೋಗಿರಲಿಲ್ಲ.

ಮರುದಿನದಿಂದ ವೈಭವ ಬರತೊಡಗಿದ. ಅಳೆಯುವ ಮೈಕು, ತಂತಿ, ಲ್ಯಾಪ್‌ಟಾಪ್ ಎಲ್ಲ ತಂದಿದ್ದರೂ, ಅವಳು ಕೇಳುವಾಗ ಅವನ್ನೆಲ್ಲ ಬದಿಗಿಟ್ಟು ಗೋಡೆಗೊರಗಿ ನೆಲದ ಮೇಲೆ ಕೂರುವನು. ಒಂದು ಮಾತಿಲ್ಲ. ಅವಳ 'ಹೂಂ' ಬೀಳುವವರೆಗೆ ಉಸಿರೂ ಹಗುರ.

ಅವಳಿಗೆ ಅದೇ ಭಯ. ಬಡಬಡ ಮಾತಾಡುವವರಾದರೆ ತಪ್ಪಿಸಿಕೊಳ್ಳಬಹುದು. ಸುಮ್ಮನೆ ಕೂರುವವರಿಂದ ಏನನ್ನು ಬಚ್ಚಿಡುವುದು?

ಆದರೂ… ಬೆಳಿಗ್ಗೆ ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತುವಾಗ, ಇವತ್ತು ಅವರು ಬರುತ್ತಾರಲ್ಲ ಎಂಬ ಯೋಚನೆ ಹಬ್ಸಿಗುಡದಲ್ಲಿ ಇಳಿಯುವವರೆಗೂ ಜೊತೆಗೆ ಬರುತ್ತಿತ್ತು. ಅವನು ಒಮ್ಮೆ ಬಂಡೆಪ್ಪನ ಓದನ್ನು ಕೇಳಿ, ಪದ್ಯದ ನಡುವೆ ಅಪ್ಪಾರು ಉಸಿರು ತಗೊಳ್ಳುವುದು ತನಗೆ ಭಾಳ ಸೇರಿತು ಎಂದಿದ್ದ. ಎಲ್ಲರೂ ದನಿಯನ್ನು ಹೊಗಳಿದವರೇ. ಉಸಿರನ್ನು ಹೊಗಳಿದವನು ಇವನೊಬ್ಬನೇ.

ಪಾಲಿಶ್ ಕೆಲಸದ ಉಮಾಶ್ರೀಗೆ ಇಂಥದ್ದೆಲ್ಲ ಬೇಗ ಕಾಣುತ್ತದೆ. ಮಧ್ಯಾಹ್ನ ಬೇವಿನ ಮರದ ಕೆಳಗೆ ರೊಟ್ಟಿ ಬಿಚ್ಚುತ್ತ ಕೇಳಿಯೇಬಿಟ್ಟಳು.

"ಏನವಾ ದೇವಿ, ಆ ಸಾಹೇಬ್ರು ಮಷಿನ್ ನೋಡೂದು ಬಿಟ್ಟು ನಿನ್ನ ಮಾರಿ ನೋಡಾಕತ್ತಾರಲ್ಲ. ಅವರ ಕಂಪನಿ ಕೊಳ್ಳೂ ಸಾಮಾನಿನ್ಯಾಗ ನೀನೂ ಬರ್ತೀಯೇನ?"

"ಬಾಯಿ ಮುಚ್ಚಿ ಉಣ್ಣ," ಎಂದು ಗುರುದೇವಿ ಚಟ್ನಿಯ ಡಬ್ಬಿಯನ್ನು ಅವಳ ಕೈಯಿಂದ ಕಸಿದುಕೊಂಡಳು. ಕಿವಿಯ ತುದಿ ಕೆಂಪಾಗಿದ್ದು ಉಮಾಶ್ರೀಗೆ ಕಾಣದಿರಲಿ ಎಂದು ಸೆರಗು ಎಳೆದುಕೊಂಡಳು.

ಅದೇ ದಿನ ಅದು ಆಯಿತು.

ಊಟ ಮುಗಿಸಿ ಬಂದು ಕುರ್ಚಿಯಲ್ಲಿ ಕೂತಳು. ವೈಭವ ಎಂದಿನಂತೆ ಗೋಡೆಗೊರಗಿದ್ದ. ಅಪ್ಪನ ದನಿ ಎದ್ದಿತು…

ಬಲಗಿವಿಗೆ ಸೂಜಿ ಚುಚ್ಚಿದಂತಾಯಿತು. ಒಂದೊಂದು 'ಸ'ಕಾರವೂ ಗಾಜಿನ ಚೂರು. ಎಡಗಡೆ ಮಾತ್ರ ಅಪ್ಪ ಕೌದಿ ಹೊದ್ದು ಮಾತಾಡುತ್ತಿದ್ದಾನೆ.

ಗುರುದೇವಿ ಕಣ್ಣು ತೆರೆದಳು. ಬಲಗಡೆಯ ಪೆಟ್ಟಿಗೆಯ ಹಣೆಯಲ್ಲಿ ಕುಂಕುಮವಿತ್ತು.

ಜೋಡಿ ಅದಲುಬದಲಾಗಿತ್ತು!

ಒಂದು ಕ್ಷಣ ಸಿಟ್ಟು ಬಂತು. ಮರುಕ್ಷಣವೇ ಸಿಟ್ಟಿದ್ದ ಜಾಗದಲ್ಲಿ ತಣ್ಣಗಿನದೊಂದು ಇಳಿಯಿತು. ಎಡದ ಪೆಟ್ಟಿಗೆ ಬಲಕ್ಕೆ ಹೋಗಿದೆ, ಬಲದ್ದು ಎಡಕ್ಕೆ ಬಂದಿದೆ. ಆದರೂ ಮಂದವಾಗಿ ಕೇಳುತ್ತಿರುವುದು ಎಡಗಡೆಯೇ. ಮಂದವಾದದ್ದು ಪೆಟ್ಟಿಗೆಯಲ್ಲ, ಕಿವಿ… ಹಾಗಾದರೆ ಇಷ್ಟು ತಿಂಗಳು ತಿಪ್ಪೇಸ್ವಾಮಿಯವರ ಕೈಯಿಂದ ಎಡದ್ದನ್ನು ಏರಿಸಿ ಏರಿಸಿ ಕಳಿಸಿದ ಜೋಡಿಗಳು?

ಎಲ್ಲವೂ ಸೊಟ್ಟ. ಅವಳು ಹೂಂ ಅಂದದ್ದೆಲ್ಲ ಸೊಟ್ಟ.

"ಜೋಡಿ ಯಾರು ಬದಲ ಮಾಡಿದವರು?"

ವೈಭವ ಎದ್ದು ನಿಂತ. ತಮ್ಮ ಕಂಪನಿಯಲ್ಲಿ ಹೀಗೆ ಬದಲಿಸಿ ಕೇಳುವುದು ರೂಢಿ, ಇಲ್ಲಿಯ ಪದ್ಧತಿ ಗೊತ್ತಿರಲಿಲ್ಲ ಎಂದು ಹೇಳಲು ಹೊರಟವನು ನಡುವೆಯೇ ನಿಂತ. ಅವನ ನೋಟ ಅವಳ ಕೈಯ ಮೇಲಿತ್ತು. ಕೈ ಎಡಗಿವಿಯ ಮೇಲಿತ್ತು.

ಅವಳು ಥಟ್ಟನೆ ಕೈ ಇಳಿಸಿದಳು.

"ಇಲ್ಲಿ ಹಂಗ ಮಾಡೂದಿಲ್ಲ," ಎಂದಳು. ಅಷ್ಟೇ ಹೇಳಿ ಹೊರಗೆ ಹೋದಳು. ಬಾಗಿಲ ಹೊರಗೆ ಅವನ ಬೂಟಿಗೆ ಎಡವಿದಳು.

ಸಿಕಂದರಾಬಾದಿನ ಕಿವಿ ಡಾಕ್ಟರಮ್ಮ ಮೃದುವಾದ ತೆಲುಗಿನಲ್ಲಿ ವಿವರಿಸಿದರು. ಎಡಗಿವಿಯ ನರ ಸೊರಗಿದೆ, ಮೇಲಿನ ಸ್ವರಗಳು ಹೋಗಿವೆ, ತಿರುಗಿ ಬರುವುದಿಲ್ಲ. ಬಲಗಿವಿಯನ್ನು ಜೋಪಾನ ಮಾಡಬೇಕು. ಅದು ಹೀಗೇ ಉಳಿಯುತ್ತದೆಯೇ ಎಂದು ಗುರುದೇವಿ ಕೇಳಿದಾಗ, ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. ಉಳಿಯಬಹುದು, ಉಳಿಯದೆಯೂ ಇರಬಹುದು, ಈಗಲೇ ಹೇಳಲಾಗದು ಎಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಅಪ್ಪನ ಓದನ್ನು ಎಡಗಿವಿಗೆ ಹಿಡಿದು ನೋಡಿದಳು. ದನಿ ಇತ್ತು. ಪದ್ಯದ ನಡುವಿನ ಆ ಉಸಿರು ಇರಲಿಲ್ಲ.

ಅಪ್ಪ ಒಮ್ಮೆ ತೀರಿಹೋಗಿದ್ದ. ಈಗ ಎರಡನೆಯ ಸಲ, ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿದ್ದಾನೆ…

ಯಾರಿಗೆ ಹೇಳುವುದು? ಸಾಹುಕಾರರಿಗೆ ಹೇಳಿದರೆ ಸಹಿ ನಿಲ್ಲುತ್ತದೆ. ಅವರು ಕೊಳ್ಳುತ್ತಿರುವುದೇ ಈ ಕಿವಿಯನ್ನು! ಸಹಿ ನಿಂತರೆ ಶೆಡ್ಡು ಮುಚ್ಚುತ್ತದೆ. ಮುಚ್ಚಿದರೆ ತಿಪ್ಪೇಸ್ವಾಮಿಯವರು ಎಲ್ಲಿಗೆ ಹೋಗಬೇಕು, ಉಮಾಶ್ರೀ ಎಲ್ಲಿಗೆ? ಸಹಿ ಆಗಲಿ. ಅಲ್ಲಿಯವರೆಗೆ ಬಾಯಿ ಬಿಡಬಾರದು.

ಹೀಗೆ ನಿಶ್ಚಯಿಸಿ, ಆ ನಿಶ್ಚಯವನ್ನು ಹೊಟ್ಟೆಯಲ್ಲಿ ಕೆಂಡದಂತೆ ಇಟ್ಟುಕೊಂಡು ಕೆಲಸಕ್ಕೆ ಹೋಗತೊಡಗಿದಳು. ಹೂಂ ಎನ್ನುವ ಧೈರ್ಯವಿರಲಿಲ್ಲ. ಮರ ಇನ್ನೂ ಒಣಗಿಲ್ಲ, ಅಂಟು ಆರಿಲ್ಲ ಎಂದು ಒಂದೊಂದು ಜೋಡಿಗೂ ಒಂದೊಂದು ನೆಪ.

ವೈಭವ ಏನೂ ಕೇಳಲಿಲ್ಲ. ಸಂಜೆ ಸ್ಟೇಷನ್ನಿನವರೆಗೆ ಜೊತೆಗೆ ನಡೆದು ಬರುತ್ತಿದ್ದ. ದಾರಿಯಲ್ಲಿ ಇರಾನಿ ಹೋಟೆಲಿನಲ್ಲಿ ಚಹಾ. ಅವನ ಅವ್ವ ಸುವರ್ಣಾ ಕಲಬುರಗಿಯಲ್ಲಿ ಶಾಲೆಯ ಟೀಚರಾಗಿದ್ದದ್ದು, ಫೋನಿನಲ್ಲೂ ಅವನ ಉಚ್ಚಾರ ತಿದ್ದುವುದು, ಇಂಥವನ್ನು ಹೇಳಿ ಅವಳನ್ನು ನಗಿಸುವನು. ನಗುವಾಗ ಅವಳಿಗೆ ಭಯ ಮರೆಯುತ್ತಿತ್ತು. ನಗು ನಿಂತ ಮೇಲೆ ಇಮ್ಮಡಿಯಾಗಿ ಬರುತ್ತಿತ್ತು.

ಒಂದು ಸಂಜೆ ಹೋಟೆಲಿನಲ್ಲಿ ಗೋಡೆ ಬದಿಯ ಮೇಜು ಮಾತ್ರ ಖಾಲಿ ಇತ್ತು. ಗುರುದೇವಿ ಮೊದಲು ಕೂತಳು. ಅವನಿಗೆ ಸಹಜವಾಗಿ ಸಿಗುವ ಕುರ್ಚಿ ಅವಳ ಎಡಕ್ಕಿತ್ತು. ವೈಭವ ಅದನ್ನು ಎತ್ತಿ, ಮೇಜು ಸುತ್ತಿ, ಮಾಣಿಗೆ ದಾರಿ ಬಿಟ್ಟು, ಇಕ್ಕಟ್ಟಿನಲ್ಲಿ ಅವಳ ಬಲಕ್ಕೆ ತಂದು ಹಾಕಿಕೊಂಡು ಕೂತ.

ಅವಳ ಕೈಯಲ್ಲಿದ್ದ ಬಿಸ್ಕೆಟ್ ಚಹಾದಲ್ಲಿ ಮುರಿದುಬಿತ್ತು.

ರಸ್ತೆಯಲ್ಲಿ ಬಲಕ್ಕೆ. ಕೋಣೆಯಲ್ಲಿ ಗೋಡೆಗೆ ಒರಗುವುದೂ ಈಗ ಬಲಕ್ಕೆ. ಅವಳು ಮುಖ ತಿರುಗಿಸುವವರೆಗೆ ಮಾತು ಶುರುಮಾಡುವುದಿಲ್ಲ. ಎಂದಿನಿಂದ ಹೀಗೆ?

ಗೊತ್ತಾಗಿದೆ. ಇವರಿಗೆ ಎಲ್ಲ ಗೊತ್ತಾಗಿದೆ…

ಅವಳ ಜೀವನದಲ್ಲಿ ಯಾರೂ ತೋರದ ಕಾಳಜಿ ಅದು. ಇನ್ಯಾವ ದಿನವಾಗಿದ್ದರೂ ಅವಳು ಕರಗಿಹೋಗುತ್ತಿದ್ದಳು. ಆದರೆ ಅವಳಿಗೆ ಕಂಡದ್ದು ಆ ನೀಲಿ ಪಟ್ಟಿ. ನೋಡಿ ಬರಲು ಕಳಿಸಿದವರು ಅವನನ್ನು. ಅವನು ನೋಡಿದ್ದಾನೆ.

ಮಾರನೆಯ ಬೆಳಿಗ್ಗೆಯೇ ಸೂರ್ಯಕಾಂತರು ಎಲ್ಲರನ್ನೂ ಅಂಗಳಕ್ಕೆ ಕರೆದರು. ಸಹಿ ಸದ್ಯಕ್ಕೆ ಮುಂದೆ ಹೋಗಿದೆ ಎಂದರು. ಕಂಪನಿ ಕಾರಣ ಹೇಳಿಲ್ಲ, ಗಾಬರಿ ಬೇಡ ಎಂದರು. ಹೇಳುವಾಗ ಅವರೇ ಮೊಣಕಾಲು ಒತ್ತಿಕೊಳ್ಳುತ್ತಿದ್ದರು. ಜನ ಗುಜುಗುಜು ಮಾಡಿದರು. ತಿಪ್ಪೇಸ್ವಾಮಿಯವರು ಮಾತ್ರ ಮೇಜಿಗೆ ಹೋಗಿ, ಆಗಲೇ ಶುದ್ಧವಿದ್ದ ಹತಾರಗಳನ್ನು ಒರೆಸತೊಡಗಿದರು.

ಗೇಟಿನಾಚೆ ವೈಭವ ತನ್ನ ಮೈಕು, ತಂತಿಗಳನ್ನು ಕಾರಿಗೆ ತುಂಬುತ್ತಿದ್ದ.

ಗುರುದೇವಿ ಅಲ್ಲಿಗೆ ಹೇಗೆ ತಲುಪಿದಳೋ ಅವಳಿಗೇ ತಿಳಿಯದು.

"ಹೇಳಿಬಿಟ್ರಲ್ಲ ನಿಮ್ಮವರಿಗೆ?"

ಅವನು ತಿರುಗಿದ. ಮುಖ ಬಾಡಿತ್ತು. "ನಾ ಏನೂ ಹೇಳಿಲ್ಲರಿ."

"ಮತ್ತ ಸಹಿ ಯಾಕ ನಿಂತೈತಿ? ನೀವ್ಯಾಕ ಹೊಂಟೀರಿ?"

ಅವನು ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಕಾರಿನೊಳಗೆ ಇಟ್ಟ.

"ದಿನಾ ಬಲಕ್ಕ ಕೂತ್ರಲ್ಲ… ನಾ ಹುಚ್ಚಿ, ಏನೇನೋ ಅಂದುಕೊಂಡೆ. ಚಹಾ ಕುಡಿಸಿ ಕಿವಿ ಪರೀಕ್ಷಾ ಮಾಡಿದ್ರಿ. ಸರಳ ಕೇಳಿದ್ರ ನಾನ ಹೇಳ್ತಿದ್ದಿಲ್ಲೇನು?"

ಹೇಳುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ಆ ಮಾತು ಎತ್ತಲಿಲ್ಲ.

"ಇವತ್ತ ನಾ ಏನ್ ಹೇಳಿದ್ರೂ ನಿಮಗ ತಪ್ಪ ಕಾಣತೈತಿ," ಎಂದ ಮೆಲ್ಲಗೆ. "ನಿಮ್ಮ ಕಿವಿ ಸುದ್ದಿ ನಿಮ್ಮದು. ಅದನ್ನ ನಾ ಯಾರ ಮುಂದೂ ಆಡೂದಿಲ್ಲ." ಕಾರು ಹೊರಟುಹೋಯಿತು.

ಸಂಜೆ ಕೂಕಟ್‌ಪಲ್ಲಿಯ ಮನೆಯಲ್ಲಿ ಅವ್ವ ಶಿವದೇವಿ ದೀಪ ಹಚ್ಚಿ ಬಾಯಿಪಾಠದ ಪದ್ಯ ಹೇಳುತ್ತಿದ್ದಳು. ಗುರುದೇವಿ ಬಲಗಿವಿಯನ್ನು ಅವ್ವನ ಕಡೆ ಮಾಡಿ ಪಕ್ಕದಲ್ಲಿ ಕೂತಳು. ಕೈ ಮುಗಿದಿತ್ತು, ಮನಸ್ಸು ಮುಗಿದಿರಲಿಲ್ಲ. ಎಲ್ಲೋ ದೂರದ ಮನೆಗಳಲ್ಲಿ ಯಾರೋ ಕಣ್ಣುಮುಚ್ಚಿ ತಮಗೆ ಪ್ರಿಯವಾದ ದನಿಯನ್ನು ಕೇಳುತ್ತಿದ್ದಾರೆ. ಅದು ಒಂದು ಕಡೆ ವಾಲಿದೆ. ತಮ್ಮ ಮನೆಯದೋ ಕಿವಿಯದೋ ದೋಷವೆಂದು ಅವರು ಚಡಪಡಿಸುತ್ತಿರಬಹುದು, ತನ್ನ ಹಾಗೆಯೇ. ತನ್ನ ಒಂದು ಹೂಂ ನಂಬಿ!

ಅಪ್ಪ ಓದುವಾಗ ಒಂದು ಅಕ್ಷರ ತಪ್ಪಿದರೆ ನಿಲ್ಲಿಸಿ, ಕೂತವರಿಗೆಲ್ಲ ಕೈಮುಗಿದು, ಪದ್ಯವನ್ನು ಮೊದಲಿನಿಂದ ಹೇಳುತ್ತಿದ್ದ.

ಅವ್ವನ ಪದ್ಯ ಮುಗಿಯುವ ಹೊತ್ತಿಗೆ ಕೆಂಡದಂಥ ಆ ನಿಶ್ಚಯ ಬೂದಿಯಾಗಿತ್ತು.

ಬೆಳಿಗ್ಗೆ ಶೆಡ್ಡಿಗೆ ಎಲ್ಲರಿಗಿಂತ ಮುಂಚೆ ಹೋಗಿ ಸಾಹುಕಾರರ ಮುಂದೆ ನಿಂತಳು. ಜ್ವರ, ಶಿಳ್ಳೆ, ಡಾಕ್ಟರಮ್ಮ, ಸೊಟ್ಟಾದ ಜೋಡಿಗಳು, ಒಂದನ್ನೂ ಬಿಡದೆ ಹೇಳಿದಳು. ತನ್ನಿಂದ ಶೆಡ್ಡು ಮುಚ್ಚುವುದಾದರೆ ಎಲ್ಲರ ಕಾಲಿಗೂ ಬೀಳುತ್ತೇನೆ, ಆದರೆ ಇನ್ನೊಂದು ಜೋಡಿಗೆ ಹೂಂ ಅನ್ನಲಾರೆ ಎಂದಳು. ಅಳು ಬಂದದ್ದು ಕೊನೆಯಲ್ಲಿ.

ಸೂರ್ಯಕಾಂತರು ನೀರಿನ ಲೋಟವನ್ನು ಅವಳ ಮುಂದೆ ಸರಿಸಿದರು.

"ಇಷ್ಟ ದಿನ ಒಬ್ಬಾಕಿನ ಹೊತ್ತುಕೊಂಡು ತಿರಗಿದೇನು ತಂಗಿ?" ಎಂದರು. "ಬಂಡೆಪ್ಪಗ ನಾ ಏನ್ ಮಾರಿ ತೋರಸಲಿ?"

ಎದ್ದರು. ಕೋಲು ಊರಿಕೊಂಡು ಕೇಳುವ ಕೋಣೆಗೆ ನಡೆದರು. ತಿಪ್ಪೇಸ್ವಾಮಿಯವರನ್ನು ಕರೆದು ಜೋಡಿಯನ್ನು ಅದಲುಬದಲು ಮಾಡಿಸಿದರು. ತಾವೇ ಕುರ್ಚಿಯಲ್ಲಿ ಕೂತು ಕೇಳಿದರು. ಪದ್ಧತಿಯನ್ನು ಹಾಕಿದವನು ತಾನು, ಮಂದಿ ಅದಕ್ಕೆ ಕೈಮುಗಿದು ಸುಮ್ಮನಾದರು, ಆ ಬೊಟ್ಟುಗಳೇ ಇಷ್ಟು ದಿನ ತಪ್ಪನ್ನು ಮುಚ್ಚಿಟ್ಟವು ಎಂದು ತಮಗೆ ತಾವೇ ಹೇಳಿಕೊಂಡರು. ಇನ್ನು ಮುಂದೆ ಪ್ರತಿ ಜೋಡಿಯನ್ನೂ ಬದಲಿಸಿಯೂ ಕೇಳಬೇಕು ಎಂದರು.

ಆಮೇಲೆ, ಏನೋ ನೆನಪಾದವರಂತೆ ಅವಳ ಕಡೆ ತಿರುಗಿದರು.

"ನಿನ್ನಿ ರಾತ್ರಿ ಕಂಪನಿಯವರು ಫೋನ್ ಮಾಡಿದ್ರು. ಆ ಕಲಬುರಗಿ ಹುಡುಗ ಇಲ್ಲಿ ಕೆಲಸ ತಾನ ಬಿಟ್ಟುಕೊಟ್ಟಾನ, ಗೊತ್ತೈತೇನು? 'ಬ್ಯಾರೆಯವರನ್ನ ಕಳಸ್ರಿ, ಇಲ್ಲಿ ನನ್ನ ಮನಸ್ಸು ಒಂದ ಕಡೆ ವಾಲೈತಿ, ನಾ ಬರದದ್ದು ಖರೇ ಆಗೂದಿಲ್ಲ' ಅಂದನಂತ. ಅದಕ್ಕ ಸಹಿ ಮುಂದ ಹೋಗಿದ್ದು. ನಿನ್ನ ಹೆಸರ ಎಲ್ಲೂ ತಗದಿಲ್ಲ."



ನಾನೇನು ಮಾಡಿಬಿಟ್ಟೆ…

ಅವನ ಬದಲಿಗೆ ಕಂಪನಿಯಿಂದ ಮಾನಸಾ ಎಂಬ ಹಿರಿಯ ಅಧಿಕಾರಿ ಬಂದರು. ಗುರುದೇವಿಯೇ ಅವರ ಮುಂದೆ ಕೂತು ಎಲ್ಲ ಹೇಳಿದಳು. ಮಾತುಕತೆ ದಿನಗಟ್ಟಲೆ ನಡೆಯಿತು. ಒಂದು ಹಂತದಲ್ಲಿ ಎಲ್ಲ ಮುರಿದುಬಿತ್ತು ಎಂದೇ ಶೆಡ್ಡು ನಂಬಿತ್ತು. ಕೊನೆಗೆ ಸಹಿ ಆಯಿತು. ಆ ತಿಂಗಳುಗಳ ಜೋಡಿಗಳನ್ನು ವಾಪಸು ತರಿಸಿ ಸರಿಮಾಡಿ ಕೊಡಬೇಕು, ಕೇಳಲು ಇನ್ನಿಬ್ಬರನ್ನು ಗುರುದೇವಿ ತಯಾರು ಮಾಡಬೇಕು, ಆಮೇಲೆ ಅವಳ ಸ್ಥಾನವೇನು ಎಂಬುದನ್ನು ಮುಂದೆ ನೋಡೋಣ ಎಂದಾಯಿತು. ಜನ ಉಳಿದರು, ಕೋಣೆ ಉಳಿಯಿತು. ಅವಳ ಜಾಗ ಮಾತ್ರ ತೂಗಾಡುತ್ತ ಉಳಿಯಿತು.

ಅದನ್ನು ಅವಳು ಒಪ್ಪಿಕೊಂಡಳು. ಒಪ್ಪಿಕೊಳ್ಳಲಾಗದ್ದು ಒಂದೇ, ಗೇಟಿನ ಬಳಿ ತಾನು ಆಡಿದ ಮಾತು.

ಫೋನ್ ಮಾಡಿದಾಗ ಅವನು ಎರಡು ಸಲ ಎತ್ತಲಿಲ್ಲ. ಅವಳ ಜೀವ ಅರ್ಧವಾಯಿತು. ಮೂರನೆಯ ಸಲ ಎತ್ತಿದ. ಹಬ್ಸಿಗುಡ ಸ್ಟೇಷನ್ನಿಗೆ ಬರುತ್ತೀರಾ ಎಂದಷ್ಟೇ ಕೇಳಿದಳು.

ಬಂದ. ಕೊರಳಲ್ಲಿ ಪಟ್ಟಿ ಇರಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತರು. ಮಾತು ಹುಡುಕುವಷ್ಟರಲ್ಲಿ ರೈಲೊಂದು ಬಂದು ಜನರನ್ನು ಸುರಿದು, ಜನರನ್ನು ತುಂಬಿಕೊಂಡು ಹೋಯಿತು.

"ನನ್ನ ಕ್ಷಮಾ ಮಾಡ್ರಿ," ಎಂದಳು. "ನೀವು ನನಗೋಸ್ಕರ ಕೆಲಸ ಬಿಟ್ಟುಕೊಟ್ರಿ. ನಾ ನಿಮಗ ಬೈದೆ."

"ಬೈದದ್ದು ಬರೋಬರಿ ಇತ್ತು. ಗೊತ್ತಾದ ಕೂಡಲೇ ನಾ ನಿಮಗ ಹೇಳಬೇಕಿತ್ತು. ಹೇಳಾಕ ಹೆದರಿಕಿ ಆತು."

"ನಿಮಗ ಏನ್ ಹೆದರಿಕಿ?"

"ನಾ ಬಂದಿದ್ದು ಪೆಟಗಿ ಕೇಳಾಕ," ಎಂದ ವೈಭವ, ಹಳಿಗಳನ್ನು ನೋಡುತ್ತ. "ಆಮ್ಯಾಲ ಆಮ್ಯಾಲ ನೀವು ಕೇಳೂದನ್ನ ನೋಡಾಕ ಬರಾಕತ್ತಿದ್ದೆ. ಕಣ್ಣು ಮುಚ್ಚಿ ಕೂಡ್ತೀರಲ್ಲ, ಅಪ್ಪಾರ ಓದಿನ ಸಂಗಾಟ ನಿಮ್ಮ ತುಟಿನೂ ಅಲಗತಾವು. ಅದನ್ನ ನೋಡಿದಾಂವ ಯಾವ ವರದಿ ಬರೀಬೇಕು ಹೇಳ್ರಿ?"

ತನ್ನ ತುಟಿ ಅಲುಗುತ್ತವೆಂದು ಗುರುದೇವಿಗೇ ಗೊತ್ತಿರಲಿಲ್ಲ.

ಅವನು ಅವಳ ಕಡೆ ತಿರುಗಿದ. ಅವ್ವನಿಗೆ ಎಲ್ಲ ಹೇಳಿದ್ದೇನೆ, ಐತ್ವಾರ ಅವ್ವ ಕಲಬುರಗಿಯಿಂದ ಬರುತ್ತಿದ್ದಾಳೆ, ನಿಮ್ಮ ಅವ್ವನನ್ನು ಕಂಡು ಹೆಣ್ಣು ಕೇಳಲು ಎಂದ. ನೀವು ಬೇಡವೆಂದರೆ ಆ ಮಾತು ಬೇರೆ ಎಂದ.

ಬೇಡವೆನ್ನುವುದೇ! ಅವಳಿಗೆ ಎದ್ದು ಕುಣಿಯಬೇಕೆನ್ನಿಸಿತು. ಮರುಗಳಿಗೆ ಡಾಕ್ಟರಮ್ಮ ಕನ್ನಡಕ ಒರೆಸಿದ್ದು ಕಣ್ಣಮುಂದೆ ಬಂತು. ಉಳಿಯಬಹುದು, ಉಳಿಯದೆಯೂ ಇರಬಹುದು…

"ಬಲಗಿವಿನೂ ಹೋಗಬಹುದಂತ," ಎಂದಳು. "ಇವತ್ತಲ್ಲ, ಯಾವಾಗಂತ ಅವರಿಗೂ ಗೊತ್ತಿಲ್ಲ. ನೀವು ಜೀವಮಾನ ಎಲ್ಲಾ ಸಪ್ಪಳದ ಸಂಗಾಟ ಇರಾವರು. ಒಂದಿನ ನೀವು ಕರದದ್ದು ನನಗ ಕೇಳೂದಿಲ್ಲ. ನಮ್ಮ ಮಕ್ಕಳು ಅತ್ತದ್ದು ಕೇಳೂದಿಲ್ಲ."

ಮಕ್ಕಳು ಎಂದುಬಿಟ್ಟೆನಲ್ಲ ಎಂದು ಅವಳಿಗೆ ಆಮೇಲೆ ಹೊಳೆದು, ಮುಖ ಸುಟ್ಟಂತಾಯಿತು. ಅವನು ಅದನ್ನು ಕೇಳಿಸಿಕೊಂಡಿದ್ದ. ಅವನ ತುಟಿಯ ಕೊನೆಯಲ್ಲಿ ಏನೋ ಮಿನುಗಿತು.

"ನೀವು ಬ್ಯಾಡ ಅಂತ ಅಲ್ಲ ಇದು. ನನಗ ನೀವು ಬೇಕು. ಭಾಳ ಬೇಕು. ಅದಕ್ಕ ಕೇಳಾಕತ್ತೀನಿ…" ಅವಳ ಕಣ್ಣು ತುಂಬಿದವು. "ಈಗ, ನನ್ನ ಮುಂದ ಫೋನ್ ಮಾಡ್ರಿ. ಅವ್ವಾರಿಗೆ ಬರಬ್ಯಾಡ ಅನ್ರಿ. ಇದೊಂದು ನನ್ನ ಮಾತು ನಡಸಿಕೊಡ್ರಿ."

ಅವನು ಬಾಯಿ ತೆರೆಯುವಷ್ಟರಲ್ಲಿ ರೈಲು ಬಂತು. ಕಿವಿ ತುಂಬುವ ಸದ್ದು. ವೈಭವ ತಡೆದುಕೊಂಡ. ಬಾಗಿಲುಗಳು ತೆರೆದು ಮುಚ್ಚಿದವು. ರೈಲು ಚಲಿಸಿ, ದೂರವಾಗಿ, ಅದರ ಗುಂಯ್ ಎಂಬ ಕೊನೆಯ ಎಳೆಯೂ ಅಳಿಸಿಹೋಗುವವರೆಗೆ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕಾದ.

"ಒಲ್ಲೆ," ಎಂದ. "ಅವ್ವ ಬರತಾಳ."